ಎದುರಿಗೆ ಕೂತವರ ಮುಖ ಬರೆಯೋದು: ಗುಂಪಿನಲ್ಲಿ ಮೊದಲ ಸಲ ಸ್ಕೆಚ್ ಮಾಡಲು ಹೋಗುವವರಿಗೆ

ಕಳೆದ ತಿಂಗಳು ನಮ್ಮ ಭಾನುವಾರದ ಸ್ಕೆಚ್ ಗುಂಪಿಗೆ ಕಾಲೇಜು ಓದುವ ಹುಡುಗಿಯೊಬ್ಬಳು ಹೊಸದಾಗಿ ಬಂದಳು. ಅವತ್ತು ಪೋಸ್ ಕೊಡಲು ಕೂತಿದ್ದವರು 70 ದಾಟಿದ ಒಬ್ಬರು ಅಜ್ಜಿ. ಸುತ್ತ ನಾವು 11 ಜನ. 20 ನಿಮಿಷ ಮುಗಿದು ಟೈಮರ್ ಹೊಡೆದಾಗ ಆ ಹುಡುಗಿಯ ಹಾಳೆ ನೋಡಿದೆ. ಎಡಗಣ್ಣು ಒಂದನ್ನೇ ರೆಪ್ಪೆಯ ಕೂದಲು ಎಣಿಸುವಷ್ಟು ಚೆಂದ ಬರೆದಿದ್ದಳು. ಬಲಗಣ್ಣು ಅರ್ಧ ಆಗಿತ್ತು. ಗದ್ದಕ್ಕೆ ಹಾಳೆಯಲ್ಲಿ ಜಾಗವೇ ಉಳಿದಿರಲಿಲ್ಲ. "ಅಜ್ಜಿ ಥರ ಕಾಣ್ತಿಲ್ಲ ಅಲ್ವಾ ಅಂಕಲ್?" ಅಂತ ಕೇಳಿದಳು. ನಿಜ, ಕಾಣುತ್ತಿರಲಿಲ್ಲ. ಕೈ ಚೆನ್ನಾಗಿದೆ, ಶ್ರದ್ಧೆ ಇದೆ, ಆದರೆ ಶುರು ಮಾಡಿದ ಜಾಗ ಸರಿ ಇರಲಿಲ್ಲ ಅಷ್ಟೇ.

ನಾನು ಅವಳಿಗೆ ಒಂದು ಮಾತು ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ದೂರದಲ್ಲಿ ನಿಂತ ನಿಮ್ಮ ಅಪ್ಪನನ್ನು ಹೇಗೆ ಗುರುತು ಹಿಡಿಯುತ್ತೀಯ? ಅಲ್ಲಿಂದ ಕಣ್ಣು ಕಾಣೋದಿಲ್ಲ, ಮೂಗು ಕಾಣೋದಿಲ್ಲ. ಕತ್ತು ಹೆಗಲ ಮೇಲೆ ಕೂತಿರುವ ರೀತಿ, ತಲೆಯ ಆಕಾರ, ಅದು ಯಾವ ಕಡೆ ವಾಲಿದೆ ಅನ್ನೋದು, ಇಷ್ಟೇ ಸಾಕು, ಅಪ್ಪ ಅಂತ ಗೊತ್ತಾಗುತ್ತೆ. ಚಿತ್ರದಲ್ಲೂ ಹೋಲಿಕೆ ಬರುವುದು ಅಲ್ಲಿಂದಲೇ. ಕಣ್ಣು ಮೂಗು ಆಮೇಲೆ ಬರುತ್ತವೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಮುಖ್ಯವಾಗಿ ಇದನ್ನೇ. ಮಿಕ್ಕಿದ್ದೆಲ್ಲ ಅದನ್ನು ಕೈಗೆ ತರುವ ದಾರಿ.

ಚೀಲದಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಎ3 ಅಳತೆಯ ಕಾರ್ಟ್ರಿಜ್ ಹಾಳೆ, ಅಂದರೆ ಚಿತ್ರ ಬರೆಯುವ ದಪ್ಪ ಹಾಳೆ, ಹತ್ತು, ಅದಕ್ಕೆ ಸರಿಹೊಂದುವ ಒಂದು ಹಲಗೆ, ನಾಲ್ಕು ಕ್ಲಿಪ್. ನಾಲ್ಕು ಯಾಕೆ ಅಂದರೆ ಮೇಲೆ ಫ್ಯಾನ್ ತಿರುಗುತ್ತಿರುತ್ತೆ, ಎರಡೇ ಹಾಕಿದರೆ ಹಾಳೆಯ ಕೆಳಗಿನ ಅಂಚು ಪಟಪಟ ಅನ್ನುತ್ತೆ. ಪರೀಕ್ಷೆಗೆ ಒಯ್ಯುವ ಪ್ಯಾಡ್ ಸಾಲದು, ಅದರಲ್ಲಿ ಮಣಿಕಟ್ಟು ಮಾತ್ರ ಆಡುತ್ತೆ. ಹಾಳೆ ದೊಡ್ಡದಿದ್ದರೆ ಗೆರೆ ಹೆಗಲಿಂದ ಬರುತ್ತೆ. ಪೆನ್ಸಿಲ್ 2ಬಿ ಒಂದು, 6ಬಿ ಒಂದು (ಬಿ ಮುಂದಿನ ಅಂಕಿ ಹೆಚ್ಚಿದಷ್ಟೂ ಗೆರೆ ಮೆತ್ತಗೆ, ಕಪ್ಪು). ಎಚ್‌ಬಿ ಮನೆಯಲ್ಲಿ ಬಿಡಿ, ಅದರಿಂದ ಗಾಢ ನೆರಳು ಬರೋದಿಲ್ಲ. ಮೆಂಡರ್ ಬೇಡ, ಬ್ಲೇಡ್ ತಗೊಂಡು ಒಂದು ಇಂಚಿನಷ್ಟು ಉದ್ದ ಮೊನೆ ಬರುವ ಹಾಗೆ ಕೆತ್ತಿ. ಆಗ ಪೆನ್ಸಿಲ್ಲನ್ನು ಮಲಗಿಸಿ ಅಗಲವಾದ ನೆರಳು ಹಾಕಬಹುದು. ಇದ್ದಿಲ ಕಡ್ಡಿ, ಅಂದರೆ ಚಾರ್ಕೋಲ್, ಎರಡು ಇರಲಿ. ಜೊತೆಗೆ ಹಿಟ್ಟಿನ ಥರ ನಾದಬಹುದಾದ ಪುಟ್ಟಿ ರಬ್ಬರ್, ಒಂದು ತುಂಡು ಹಳೇ ಕಾಟನ್ ಬಟ್ಟೆ, ನೀರಿನ ಬಾಟಲಿ.

ಹೊಸಬರಿಗೆ ನಾನು ಚಾರ್ಕೋಲನ್ನೇ ಕೊಡುತ್ತೇನೆ. ಅದು ತುಂಬಾ ಸಣ್ಣ ವಿವರಕ್ಕೆ ಇಳಿಯಲು ಬಿಡೋದಿಲ್ಲ, ಅದೇ ಅದರ ಒಳ್ಳೆಯ ಗುಣ. ತಪ್ಪಾದರೆ ಬಟ್ಟೆಯಲ್ಲಿ ಒರೆಸಿದರೆ ಮುಕ್ಕಾಲು ಹೋಗುತ್ತೆ, ಉಳಿದ ಮಸುಕಿನ ಮೇಲೆಯೇ ಮತ್ತೆ ಬರೆಯಬಹುದು.

ಎಲ್ಲಿ ಕೂರಬೇಕು

ಕಾಲು ಗಂಟೆ ಮೊದಲೇ ಹೋಗಿ. ಜಾಗ ಆರಿಸಿಕೊಳ್ಳೋದು ಅರ್ಧ ಕೆಲಸ.

ಕೂತವರಿಂದ 6ರಿಂದ 8 ಅಡಿ ದೂರ ಒಳ್ಳೆಯದು. ಮೂರು ಅಡಿಯಲ್ಲಿ ಕೂತರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದ ಹಾಗೆ ಕಾಣುತ್ತೆ, ಪೂರ್ತಿ ತಲೆ ಒಂದೇ ನೋಟಕ್ಕೆ ಸಿಗೋದೂ ಇಲ್ಲ. ನಿಮ್ಮ ಕಣ್ಣು ಮತ್ತು ಅವರ ಕಣ್ಣು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ನೇರ ಎದುರಿಗೆ ಎಲ್ಲರೂ ಮುಗಿಬೀಳುತ್ತಾರೆ, ಆದರೆ ಅಲ್ಲಿಂದ ಮೂಗನ್ನು ಹಿಡಿಯೋದು ಬಹಳ ಕಷ್ಟ, ಅದು ಮುಂದೆ ಚಾಚಿರೋದು ಕಾಣೋದೇ ಇಲ್ಲ. ಸ್ವಲ್ಪ ಪಕ್ಕಕ್ಕೆ, ಒಂದು ಕೆನ್ನೆ ಪೂರ್ತಿ ಇನ್ನೊಂದು ಕೆನ್ನೆ ಅರ್ಧ ಕಾಣುವ ಕಡೆ ಕೂತುಕೊಳ್ಳಿ. ಮೊದಲ ಸಲ ಪೂರ್ತಿ ಪಕ್ಕದ ನೋಟ ಸಿಕ್ಕರೂ ಬೇಸರ ಬೇಡ, ಅಲ್ಲಿ ಮುಖದ ಅಂಚಿನ ಗೆರೆಯೇ ಅರ್ಧ ಪಾಠ ಕಲಿಸುತ್ತೆ.

ಹಲಗೆಯನ್ನು ತೊಡೆಯ ಮೇಲೆ ಮಲಗಿಸಬೇಡಿ. ಹಾಗೆ ಮಾಡಿದರೆ ನೀವು ಹಾಳೆಯನ್ನು ಓರೆಯಾಗಿ ನೋಡುತ್ತಿರುತ್ತೀರಿ, ಎತ್ತಿ ಹಿಡಿದು ನೋಡಿದಾಗ ಮುಖ ಸೌತೆಕಾಯಿ ಥರ ಉದ್ದ ಆಗಿರುತ್ತೆ. ಆರ್ಟ್ ಕಾಲೇಜುಗಳಲ್ಲಿ ಇದಕ್ಕೇ ಅಂತ ಡಾಂಕಿ ಇರುತ್ತೆ, ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ಮರದ ಬೆಂಚು, ಮುಂದೆ ಹಲಗೆ ನಿಲ್ಲಿಸಲು ಆಸರೆ. ಅದಿಲ್ಲದಿದ್ದರೆ ಇನ್ನೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಬೆನ್ನು ನಿಮ್ಮ ಕಡೆ ಬರುವ ಹಾಗೆ ತಿರುಗಿಸಿ, ಹಲಗೆಯನ್ನು ಅದಕ್ಕೆ ಒರಗಿಸಿ.

ಬೆಳಕಿನ ವಿಷಯ. ನಮ್ಮ ಹಾಲ್‌ಗಳಲ್ಲಿ ನಾಲ್ಕು ಕಡೆ ಟ್ಯೂಬ್‌ಲೈಟ್ ಇರುತ್ತೆ, ಅಷ್ಟೂ ಹಚ್ಚಿದರೆ ಮುಖ ಚಪಾತಿ ಥರ ಚಪ್ಪಟೆ. ಕೂತವರ ತಲೆ ಮೇಲಿನವನ್ನು ಆಫ್ ಮಾಡಿ, ಒಂದು ಕಡೆಯಿಂದ, ಸ್ವಲ್ಪ ಮೇಲಿಂದ ಒಂದೇ ಬಲ್ಬಿನ ಬೆಳಕು ಬೀಳಲಿ. ಕಿಟಕಿ ಇದ್ದರೆ ಅದೇ ಸಾಕು, ಉತ್ತರದ ಕಿಟಕಿಯಾದರೆ ಸಾಮಾನ್ಯವಾಗಿ ಬಿಸಿಲು ನೇರ ಒಳಗೆ ಬರದೆ ಬರೆಯುವಷ್ಟು ಹೊತ್ತೂ ನೆರಳು ಹೆಚ್ಚುಕಡಿಮೆ ಅಲ್ಲೇ ಇರುತ್ತೆ. ಒಂದೇ ಬೆಳಕು ಏನು ಮಾಡುತ್ತೆ ಅಂತ ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಅದು ರವಿವರ್ಮ ಬರೆದದ್ದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತವರು ಅವರದೇ ಮಗಳು ಗೀತಾ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಬೆಳಗುತ್ತವೆ, ಮುಖಕ್ಕೆ ಬೆಳಕು ಕೆಳಗಿಂದ ಬರುತ್ತೆ. ಅಷ್ಟು ಬಿಟ್ಟರೆ ಮಿಕ್ಕ ಹಾಳೆಯೆಲ್ಲ ನೆರಳು. ಒಂದು ಬೆಳಕನ್ನು ಎಷ್ಟು ನಂಬಬಹುದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಮೊದಲ ಹದಿನೈದು ನಿಮಿಷ

ಒಳ್ಳೆಯ ಗುಂಪಿನಲ್ಲಿ ಮೊದಲು ಚಿಕ್ಕ ಪೋಸ್‌ಗಳಿರುತ್ತವೆ. ಒಂದು ನಿಮಿಷದ್ದು ನಾಲ್ಕೈದು, ಎರಡು ನಿಮಿಷದ್ದು ಮೂರು. ಇದನ್ನು ಸುಮ್ನೆ ಕೈ ಸಡಿಲ ಮಾಡುವ ಆಟ ಅಂತ ತಳ್ಳಿಹಾಕಬೇಡಿ. ಒಂದು ನಿಮಿಷದಲ್ಲಿ ಕಣ್ಣು ಬರೆಯಲು ಟೈಮೇ ಇರೋದಿಲ್ಲ, ಹಾಗಾಗಿ ಬೇರೆ ದಾರಿಯಿಲ್ಲದೆ ಮುಖ್ಯವಾದದ್ದನ್ನೇ ನೋಡುತ್ತೀರಿ. ಕತ್ತಿನ ಓರೆ ಒಂದು ಗೆರೆ. ಎರಡೂ ಹೆಗಲು ಸೇರಿ ಒಂದು ಗೆರೆ. ತಲೆ ಒಂದು ಮೊಟ್ಟೆ. ಅಷ್ಟೇ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರ್ ಅವರ ನೃತ್ಯದ ರೇಖಾಚಿತ್ರಗಳನ್ನು ನೋಡಿದ್ದೀರಾ? ಕೆಲವೇ ಗೆರೆ, ಮೈಯ ಬಳುಕು ಪೂರ್ತಿ ಇದೆ. ನಮ್ಮ ಕೈಗೆ ಅದು ಬರಲು ವರ್ಷಗಳು ಬೇಕು, ಆದರೆ ಏನನ್ನು ಹುಡುಕಬೇಕು ಅನ್ನೋದು ಇವತ್ತೇ ಗೊತ್ತಾಗಬಹುದು.

ಅವತ್ತಿನ ಅಜ್ಜಿಯ ಕತ್ತು ಮುಂದಕ್ಕೆ ಬಾಗಿತ್ತು, ಗದ್ದ ಸ್ವಲ್ಪ ಮೇಲೆದ್ದಿತ್ತು, ಯಾರೋ ಬೀದಿಯಲ್ಲಿ ಕರೆದದ್ದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ. ಅವರ ಇಡೀ ಸ್ವಭಾವ ಅದರಲ್ಲಿತ್ತು. ಕತ್ತನ್ನು ನೆಟ್ಟಗೆ ಬರೆದವರ ಹಾಳೆಯಲ್ಲಿ ಕಣ್ಣು ಮೂಗು ಎಷ್ಟೇ ಸರಿ ಇದ್ದರೂ ಅಜ್ಜಿ ಇರಲಿಲ್ಲ.

ದೊಡ್ಡ ಪೋಸ್ ಶುರುವಾದಾಗ

ಮೊದಲ ಎರಡು ನಿಮಿಷ ಏನೂ ಬರೆಯಬೇಡಿ, ಸುಮ್ನೆ ನೋಡಿ. ಇದಕ್ಕೆ ಕಾರಣ ಇದೆ. ಯಾರೇ ಆಗಲಿ ಕೂತ ತಕ್ಷಣ ಎದೆ ಉಬ್ಬಿಸಿ ನೆಟ್ಟಗೆ ಕೂತಿರುತ್ತಾರೆ. ಎರಡು ಮೂರು ನಿಮಿಷಕ್ಕೆ ಬೆನ್ನು ಸಡಿಲವಾಗಿ ತಲೆ ಒಂದಿಷ್ಟು ಕೆಳಗಿಳಿಯುತ್ತೆ. ಆ ಇಳಿದ ಭಂಗಿಯೇ ಅವರದು.

ಆಮೇಲೆ ಹಾಳೆಯಲ್ಲಿ ನೆತ್ತಿ ಎಲ್ಲಿ, ಗದ್ದ ಎಲ್ಲಿ ಅಂತ ಎರಡು ಗುರುತು ಹಾಕಿ. ಈ ಎರಡು ಗೆರೆ ಹಾಕಿದ್ದರೆ ಆ ಹುಡುಗಿಗೆ ಗದ್ದ ಸಿಗುತ್ತಿತ್ತು. ನಡುವೆ ಮೊಟ್ಟೆ ಬರೆಯಿರಿ, ತಲೆ ವಾಲಿದ ಕಡೆಗೆ ವಾಲಿಸಿ. ಕತ್ತು ಮತ್ತು ಹೆಗಲನ್ನು ಈಗಲೇ ಸೇರಿಸಿ, ಆಮೇಲೆ ಅಂಟಿಸಿದರೆ ತಲೆ ಬೇರೆ, ಮೈ ಬೇರೆ ಆಗುತ್ತೆ.

ಇನ್ನು ಮುಖದ ನಡುಗೆರೆ. ನಮ್ಮಲ್ಲಿ ಇದಕ್ಕೆ ಒಂದು ಅನುಕೂಲ ಇದೆ, ಕುಂಕುಮ. ಹಣೆಯ ಕುಂಕುಮದಿಂದ ಮೂಗಿನ ತುದಿಯ ಕೆಳಗೆ, ತುಟಿಯ ನಡುವಿನ ತಗ್ಗು, ಗದ್ದದ ನಡು, ಇವನ್ನು ಸೇರಿಸಿ ಒಂದು ಬಾಗಿದ ಗೆರೆ ಎಳೆಯಿರಿ. ಮುಖ ಎಷ್ಟು ತಿರುಗಿದೆ ಅಂತ ಅದೇ ಹೇಳುತ್ತೆ. ಎದುರಿಗೆ ಕೂತವರು ವಿಭೂತಿ ಧರಿಸಿದ್ದರೆ ಇನ್ನೂ ಒಳ್ಳೆಯದು. ಆ ಮೂರು ಪಟ್ಟೆ ಹಣೆಯ ದುಂಡಗೆ ಹೇಗೆ ಸುತ್ತಿ ಹೋಗುತ್ತವೆ ಅಂತ ನೋಡಿ ಬರೆದರೆ ನೆರಳು ಹಾಕುವ ಮೊದಲೇ ಹಣೆ ಉಬ್ಬಿ ಬರುತ್ತೆ.

ಕಣ್ಣಿನ ಗೆರೆ ತಲೆಯ ಸರಿಯಾಗಿ ಅರ್ಧಕ್ಕೆ ಬರುತ್ತೆ. ಇದನ್ನು ಯಾರೂ ಮೊದಲ ಸಲ ನಂಬೋದಿಲ್ಲ. ಹಣೆಯಲ್ಲಿ ನೋಡಲು ಏನೂ ಇಲ್ಲ ಅಂತ ಮನಸ್ಸು ಅದನ್ನು ಚಿಕ್ಕದು ಮಾಡಿಬಿಡುತ್ತೆ, ಕಣ್ಣು ಮೇಲೆ ಹೋಗುತ್ತೆ, ತಲೆಯ ಮೇಲ್ಭಾಗ ಕತ್ತರಿಸಿದ ಹಾಗಾಗುತ್ತೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ಕೆಳಗಿನವರೆಗೆ. ಇವೆಲ್ಲ ಸರಾಸರಿ ಲೆಕ್ಕ, ಬಾಯಿಪಾಠ ಮಾಡಿಕೊಳ್ಳಿ. ಆದರೆ ಅದೇ ಕೊನೆ ಅಂದುಕೊಳ್ಳಬೇಡಿ. ನಮ್ಮ ಅಜ್ಜಿಗೆ ಹಲ್ಲು ಹೆಚ್ಚು ಉಳಿದಿರಲಿಲ್ಲ, ಹಾಗಾಗಿ ಮೂಗಿನಿಂದ ಗದ್ದದವರೆಗಿನ ಜಾಗ ಕುಗ್ಗಿತ್ತು, ಅರ್ಧದ ಲೆಕ್ಕ ಕೂಡಲಿಲ್ಲ. ವರ್ಷಾನುಗಟ್ಟಲೆ ಭಾರದ ಓಲೆ ಹಾಕಿ ಕಿವಿ ಜೋತುಬಿದ್ದು ಮೂಗಿಗಿಂತ ಕೆಳಗೆ ಬಂದಿತ್ತು. ಚಿಕ್ಕ ಮಕ್ಕಳಲ್ಲಿ ಕಣ್ಣು ಅರ್ಧಕ್ಕಿಂತ ಕೆಳಗಿರುತ್ತೆ. ಲೆಕ್ಕದಿಂದ ಈ ಮನುಷ್ಯರು ಎಷ್ಟು ದೂರ ಸರಿದಿದ್ದಾರೆ ಅಂತ ನೋಡುತ್ತಾ ಹೋಗಿ, ಹೋಲಿಕೆ ಅಲ್ಲೇ ಸಿಗುತ್ತೆ.

ಅಳೆಯುವುದು ಹೀಗೆ. ಕೈ ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ ಪೆನ್ಸಿಲನ್ನು ಎದುರು ಹಿಡಿಯಿರಿ. ಪೆನ್ಸಿಲ್ ತುದಿ ಕಣ್ಣಿನ ಗೆರೆಗೆ ಇರಲಿ, ಹೆಬ್ಬೆರಳನ್ನು ಗದ್ದದವರೆಗೆ ಜಾರಿಸಿ. ಅಷ್ಟು ಉದ್ದ ಸಿಕ್ಕಿತು. ಅದೇ ಉದ್ದವನ್ನು ಹಿಡಿದು ಮುಖದ ಅಗಲಕ್ಕೆ ಹೋಲಿಸಿ, ಗದ್ದದಿಂದ ಕತ್ತಿನ ಬುಡದ ತಗ್ಗಿನವರೆಗಿನ ಉದ್ದಕ್ಕೆ ಹೋಲಿಸಿ. ಮೊಣಕೈ ಒಂದು ಸಲ ಮಡಿಸಿ ಇನ್ನೊಂದು ಸಲ ಚಾಚಿದರೆ ಎಲ್ಲ ಲೆಕ್ಕವೂ ತಪ್ಪು. ಇನ್ನು ಪೆನ್ಸಿಲನ್ನು ನೆಟ್ಟಗೆ, ಗಾರೆ ಕೆಲಸದವರ ತೂಗುಗುಂಡಿನ ದಾರದ ಹಾಗೆ ಹಿಡಿದು ನೋಡಿ. ಕಣ್ಣಿನ ಒಳತುದಿಯ ಕೆಳಗೆ ಮೂಗಿನ ಹೊಳ್ಳೆ ಬರುತ್ತಾ, ಕಿವಿಯ ಕೆಳಗೆ ಹೆಗಲಿನ ಯಾವ ಭಾಗ ಬರುತ್ತೆ? ಈ ಒಂದು ಅಭ್ಯಾಸ ಬಂದರೆ ಅರ್ಧ ತಪ್ಪು ತಾನಾಗಿ ನಿಲ್ಲುತ್ತೆ.

ಕಣ್ಣು ಕಿರಿದು ಮಾಡಿ

ಇಲ್ಲಿಗೆ ಏಳೆಂಟು ನಿಮಿಷ ಆಗಿರುತ್ತೆ. ಕಣ್ಣು ಬರೆಯುವ ಆಸೆ ಬರುತ್ತೆ, ತಡೆದುಕೊಳ್ಳಿ. ಬಿಸಿಲಿಗೆ ನೋಡುವ ಹಾಗೆ ಕಣ್ಣನ್ನು ಕಿರಿದು ಮಾಡಿ ಎದುರಿನವರನ್ನು ನೋಡಿ. ವಿವರ ಮಾಯವಾಗಿ ಬೆಳಕು, ನೆರಳು ಎರಡೇ ಉಳಿಯುತ್ತವೆ. ಹುಬ್ಬಿನ ಕೆಳಗಿನ ತಗ್ಗು, ಮೂಗಿನ ಒಂದು ಪಕ್ಕ, ಮೂಗಿನ ಕೆಳಗೆ, ಮೇಲ್ದುಟಿ, ಕೆಳದುಟಿಯ ಕೆಳಗೆ, ದವಡೆಯ ಕೆಳಗಿನ ಕತ್ತು. ಇವೆಲ್ಲ ಬೇರೆ ಬೇರೆ ಅಲ್ಲ, ಹಳ್ಳ ಹರಿದ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಆ ಒಟ್ಟು ಆಕಾರದ ಅಂಚನ್ನು ತೆಳ್ಳಗೆ ಬರೆದು ಒಳಗೆಲ್ಲ ಒಂದೇ ಸಮನಾದ ಬೂದು ಹಾಕಿ. ಕೂದಲೂ ಅಷ್ಟೇ. ತುರುಬಾಗಲಿ ಜಡೆಯಾಗಲಿ ಒಂದು ಗಟ್ಟಿ ಆಕಾರ, ಎಳೆ ಎಳೆ ಬೇಡ.

ಈಗ ಎದ್ದು ಆರು ಹೆಜ್ಜೆ ಹಿಂದೆ ಹೋಗಿ ನೋಡಿ. ಕಣ್ಣು ಬಾಯಿ ಏನೂ ಇಲ್ಲದೆಯೇ ಅವರು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದೆ ಹೋಗಬೇಡಿ, ಬಟ್ಟೆಯಲ್ಲಿ ಒರೆಸಿ ವಾಲಿಕೆಯನ್ನು ಸರಿ ಮಾಡಿ. ತಳಪಾಯ ಸೊಟ್ಟಗಿದ್ದಾಗ ಬಾಗಿಲಿಗೆ ಬಣ್ಣ ಹಚ್ಚಿ ಏನು ಬಂತು?

ಇಲ್ಲೇ ಇನ್ನೊಂದು ಮಾತು. ಕಪ್ಪು ಮೈಬಣ್ಣದವರನ್ನು ಬಿಳಿ ಹಾಳೆಯಲ್ಲಿ ಬರೆಯುವಾಗ ಮುಖಕ್ಕೆಲ್ಲ ಬೂದು ಬಳಿದು ಬೆಳಕನ್ನೇ ಕೊಂದುಬಿಡುವವರನ್ನು ನೋಡಿದ್ದೇನೆ. ಇನ್ನು ಕೆಲವರು ಸುಮ್ನೆ ಬೆಳ್ಳಗೆ ಬಿಟ್ಟುಬಿಡುತ್ತಾರೆ, ಅದು ನನಗೆ ಇನ್ನೂ ಬೇಸರ. ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್ ಅಥವಾ ಬೂದು ಹಾಳೆ ತಗೊಳ್ಳಿ. ಹಾಳೆಯ ಬಣ್ಣವೇ ಮೈಯ ಬಣ್ಣವಾಗಲಿ. ನೆರಳಿಗೆ ಚಾರ್ಕೋಲ್, ಹೊಳಪಿಗೆ ಬಿಳಿ ಚಾಕ್. ಕಪ್ಪು ಚರ್ಮದ ಮೇಲೆ ಹೊಳಪು ಎದ್ದು ಕಾಣುತ್ತೆ, ಹಣೆಯ ಉಬ್ಬು, ಮೂಗಿನ ತುದಿ, ಕೆನ್ನೆಯ ಮೂಳೆ. ಆ ನಾಲ್ಕೈದು ಬಿಳಿ ಮಚ್ಚೆ ಸರಿಯಾದ ಜಾಗಕ್ಕೆ ಬಿದ್ದರೆ ಮುಖ ಬೆಳಗುತ್ತೆ.

ನಡುವಿನ ವಿರಾಮ

20 ನಿಮಿಷ ಪೋಸ್, 5 ನಿಮಿಷ ವಿರಾಮ. ಇದನ್ನು ಮೀರಬಾರದು. "ಇನ್ನೆರಡೇ ನಿಮಿಷ ಅಜ್ಜಿ" ಅಂತ ಯಾರೂ ಅನ್ನಬಾರದು. ಅವರು ಏಳುವ ಮೊದಲು ಕುರ್ಚಿಯ ಕಾಲಿಗೆ, ಅವರ ಪಾದ ಇರುವ ಕಡೆಗೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ನೋಡುತ್ತಿದ್ದ ಜಾಗಕ್ಕೂ ಗೋಡೆಯ ಮೇಲೆ ಒಂದು ಚೂರು ಟೇಪ್ ಇರಲಿ. ವಾಪಸ್ ಬಂದು ಕೂತಾಗ ಸರಿಪಡಿಸುವ ಕೆಲಸ ಒಬ್ಬರೇ ಮಾಡಲಿ. 11 ಜನ 11 ಕಡೆಯಿಂದ "ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ" ಅಂದರೆ ಪಾಪ ಅವರು ಏನು ಮಾಡಬೇಕು?

ತಲೆ ಪೂರ್ತಿ ಮೊದಲಿನ ಹಾಗೆ ಬರೋದಿಲ್ಲ, ಬರಬೇಕಾಗೂ ಇಲ್ಲ. ನೀವು ಮೊದಲು ಬರೆದ ವಾಲಿಕೆಗೇ ಅಂಟಿಕೊಳ್ಳಿ. ಅವರು ಆಡಿದಾಗೆಲ್ಲ ನೀವೂ ಬದಲಿಸುತ್ತಾ ಹೋದರೆ ಒಂದು ಕಣ್ಣು ಹತ್ತು ಗಂಟೆಯದು, ಇನ್ನೊಂದು ಹತ್ತೂವರೆಯದು ಆಗುತ್ತೆ. ಅವರು ಉಸಿರಾಡುತ್ತಾರೆ, ತುಟಿ ಒದ್ದೆ ಮಾಡಿಕೊಳ್ಳುತ್ತಾರೆ, ಏನೋ ನೆನಪಾಗಿ ಒಂದು ಕ್ಷಣ ಮುಖ ಬದಲಾಗುತ್ತೆ. ಫೋಟೋ ನೋಡಿ ಬರೆದಾಗ ಇದು ಸಿಗೋದಿಲ್ಲ. ನಾನು ಇಷ್ಟು ವರ್ಷ ಭಾನುವಾರದ ನಿದ್ದೆ ಬಿಟ್ಟು ಹೋಗುತ್ತಿರುವುದೇ ಇದಕ್ಕೆ.

ಈಗ ಕಣ್ಣು, ಮೂಗು, ಬಾಯಿ

ಕಣ್ಣು ಒಂದು ಗುಂಡು, ಅದರ ಮೇಲೆ ರೆಪ್ಪೆ ಹೊದಿಸಿದೆ ಅಂತ ನೆನೆದುಕೊಂಡು ಬರೆಯಿರಿ. ಮೇಲಿನ ರೆಪ್ಪೆಯ ನೆರಳು ಕಣ್ಣಿನ ಮೇಲೆ ಬೀಳುತ್ತೆ, ಹಾಗಾಗಿ ಕಣ್ಣಿನ ಬಿಳಿ ಅಷ್ಟೇನೂ ಬಿಳಿಯಾಗಿರೋದಿಲ್ಲ. ಎರಡೂ ಕಣ್ಣನ್ನು ಒಟ್ಟಿಗೆ ಮುಂದೆ ತನ್ನಿ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಮೂಗಿಗೆ ಸುತ್ತ ಗೆರೆ ಬೇಡ. ಪಕ್ಕದ ನೆರಳು, ಕೆಳಗಿನ ನೆರಳು ಸಾಕು. ಹೊಳ್ಳೆಯನ್ನು ಕಪ್ಪು ಚುಕ್ಕಿ ಮಾಡಿದರೆ ಅದೊಂದೇ ಕಾಣುತ್ತೆ. ಮೂಗುಬೊಟ್ಟು ಇದ್ದರೆ ಪುಟ್ಟಿ ರಬ್ಬರನ್ನು ಚೂಪು ಮಾಡಿ ಒಂದು ಸಲ ಒತ್ತಿ ಎತ್ತಿ, ಹೊಳೆಯುತ್ತೆ.

ಬಾಯಿಗೆ ಜಾಸ್ತಿ ಸಮಯ ಕೊಡಿ. ನನ್ನ ಅನುಭವದಲ್ಲಿ ಮುಖದ ಬಿಡಿ ಭಾಗಗಳಲ್ಲಿ ಹೋಲಿಕೆಯನ್ನು ಕಣ್ಣಿಗಿಂತ ಹೆಚ್ಚಾಗಿ ಹಿಡಿದಿರೋದು ಬಾಯಿಯ ಎರಡು ತುದಿ. ತುಟಿಯ ಹೊರಗೆರೆ ಬಿಡಿ, ಎರಡು ತುಟಿ ಕೂಡುವ ಗೆರೆಯನ್ನು ಮೊದಲು ಬರೆಯಿರಿ. ಅದು ನೇರ ಗೆರೆಯಲ್ಲ, ಕೆಲವು ಕಡೆ ಗಾಢ, ಕೆಲವು ಕಡೆ ಮಾಯ. ತುದಿ ಒಂದು ಕೂದಲೆಳೆ ಮೇಲಾದರೆ ನಗು, ಕೆಳಗಾದರೆ ಕೋಪ.

ಸುಕ್ಕುಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಗಾಢವಾಗಿ ಎಳೆದ ಒಂದೊಂದು ಸುಕ್ಕೂ ಹತ್ತು ವರ್ಷ ಕೂಡಿಸುತ್ತೆ. ಅಜ್ಜಿಗೆ ಇದ್ದಿದ್ದರಲ್ಲಿ ನಾನು ನಾಲ್ಕೇ ಬರೆದೆ. ಕನ್ನಡಕ ಕೊನೆಗೆ. ದೂರದ್ದು ಮಂಜಾಗಿ ಕಾಣುವವರ ಮೈನಸ್ ಗಾಜಿನ ಒಳಗೆ ಕೆನ್ನೆಯ ಅಂಚು ಒಳಕ್ಕೆ ಸರಿದ ಹಾಗೆ ಕಾಣುತ್ತೆ, ಅದನ್ನು ಕಂಡ ಹಾಗೇ ಬರೆಯಿರಿ, ಸರಿ ಮಾಡಲು ಹೋಗಬೇಡಿ. ಸೀರೆಯ ಸೆರಗು, ಅಂಗಿಯ ಕಾಲರ್‌ಗೆ ನಾಲ್ಕು ಗೆರೆ ಸಾಕು.

ಎದುರಿಗೆ ಕೂತವರ ಜೊತೆ

ಅವರು ಹೂಕುಂಡ ಅಲ್ಲ. ಬಂದ ತಕ್ಷಣ ಹೆಸರು ಕೇಳಿ, ನಮಸ್ಕಾರ ಹೇಳಿ. ಅವರ ಮೂಗು, ಬಣ್ಣ, ಹಲ್ಲಿನ ಬಗ್ಗೆ ಜೋರಾಗಿ ಮಾತಾಡಬೇಡಿ, "ಮೂಗು ಕಷ್ಟ ಆಗ್ತಿದೆ" ಅಂತ ಕೂಡ. ಅವರಿಗೆ ಕೇಳಿಸುತ್ತೆ, ತಿರುಗಿ ಉತ್ತರ ಕೊಡಲು ಆಗೋದಿಲ್ಲ. ಸರಿಪಡಿಸಬೇಕಾದರೆ ಬಾಯಲ್ಲಿ ಹೇಳಿ, ಮುಟ್ಟಬೇಡಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ, ಚಿತ್ರವನ್ನು ಆನ್‌ಲೈನ್‌ನಲ್ಲಿ ಹಾಕುವುದಿದ್ದರೂ ಕೇಳಿ. ದೀಪದ ಕೆಳಗೆ ಸೆಕೆಯಾಗುತ್ತೆ, ಫ್ಯಾನ್ ಅವರ ಕಡೆ ತಿರುಗಿರಲಿ. ದುಡ್ಡನ್ನು ಮೊದಲೇ ಮಾತಾಡಿ, ಅವತ್ತೇ ಕೈಗೆ ಕೊಡಿ.

ಕೊನೆಗೆ ಎಲ್ಲ ಹಾಳೆಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸುತ್ತೇವೆ. ಅವತ್ತು ಅಜ್ಜಿ ಒಂದೊಂದನ್ನೂ ನಿಧಾನವಾಗಿ ನೋಡಿಕೊಂಡು ಬಂದರು. ಆ ಹುಡುಗಿ ಎರಡನೇ ಪೋಸಿನಲ್ಲಿ ಬರೀ ನೆರಳಿನ ಆಕಾರ ಹಾಕಿದ್ದಳು, ಕಣ್ಣು ಇನ್ನೂ ಬರೆದಿರಲಿಲ್ಲ. ಅಜ್ಜಿ ಅದರ ಮುಂದೆ ನಿಂತುಬಿಟ್ಟರು. "ಇದ್ರಲ್ಲಿ ನಾನು ನಮ್ಮಮ್ಮನ್ ಥರಾನೇ ಕಾಣ್ತೀನಲ್ಲವ್ವ" ಅಂದರು. ಹುಡುಗಿ ಆ ಹಾಳೆಯನ್ನು ಅವರಿಗೇ ಕೊಟ್ಟಳು. ಕೊಡುವ ಮೊದಲು ಫಿಕ್ಸೆಟಿವ್, ಅಂದರೆ ಚಾರ್ಕೋಲ್ ಉದುರದ ಹಾಗೆ ಹಿಡಿದಿಡುವ ಸ್ಪ್ರೇ, ಹೊಡೆಯಿರಿ, ಇಲ್ಲದಿದ್ದರೆ ಮನೆ ಸೇರುವಷ್ಟರಲ್ಲಿ ಚಾರ್ಕೋಲ್ ಸೀರೆಗೆ ಹತ್ತಿರುತ್ತೆ. ಹೊಡೆಯುವಾಗ ಹೊರಗೆ ಹೋಗಿ, ಅದರ ಹೊಗೆ ಒಳ್ಳೆಯದಲ್ಲ. ನಿಮ್ಮ ಹಾಳೆಯ ಮೂಲೆಯಲ್ಲಿ ತಾರೀಖು ಮತ್ತು ಎಷ್ಟು ನಿಮಿಷ ಅಂತ ಬರೆದಿಡಿ.

ನಿಮ್ಮ ಊರಲ್ಲಿ ಗುಂಪು ಇಲ್ಲದಿದ್ದರೆ

ಬೆಂಗಳೂರಿನವರಿಗೆ ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಮುಖ ಬರೆಯುವ ಕಲಾವಿದರು ಸಿಗುತ್ತಾರೆ. ಅವರ ಹಿಂದೆ ನಿಂತು ಕೈ ಹೇಗೆ ಆಡುತ್ತೆ ಅಂತ ಅರ್ಧ ಗಂಟೆ ನೋಡಿ. ಬೇರೆ ಊರಲ್ಲಿದ್ದರೆ ನಾಲ್ಕು ಜನ ಸೇರಿ, ಸಾಕು. ಒಬ್ಬರಾದ ಮೇಲೆ ಒಬ್ಬರು 20 ನಿಮಿಷ ಕೂರಿ, ಮಿಕ್ಕ ಮೂವರು ಬರೆಯಲಿ. ಖರ್ಚು ಹಾಳೆಯದು, ಟೀದು ಮಾತ್ರ. ನೀವೇ ಒಂದು ಸಲ ಆ ಕುರ್ಚಿಯಲ್ಲಿ ಕೂತರೆ ಹತ್ತನೇ ನಿಮಿಷಕ್ಕೆ ಕತ್ತು ಎಲ್ಲಿ ಹಿಡಿಯುತ್ತೆ, ಯಾವ ಕಾಲು ಮೊದಲು ಜೋಮು ಹಿಡಿಯುತ್ತೆ ಅಂತ ಗೊತ್ತಾಗುತ್ತೆ, ಮುಂದಿನ ಸಲ ಇನ್ನೊಬ್ಬರನ್ನು ಕೂರಿಸುವಾಗ ಬೆನ್ನಿಗೆ ಒಂದು ದಿಂಬು, ಪಾದದ ಕೆಳಗೆ ಒಂದು ಮಣೆ ತಾನಾಗಿ ನೆನಪಾಗುತ್ತೆ.